ಮಾರುವ ಮನೆಗೆ ಮುಖ ತೊಳೆಸುವ ಸೀತು

ಹಂಗಾರಕಟ್ಟೆಯಲ್ಲಿ ಇನ್ನೂ ನಸುಕು. ಗುಡಿಸಲು ಎರಡು ಹಿಡಿಸೂಡಿ, ಬಳಿಯಲು ಒಂದು ಸುಣ್ಣದ ಡಬ್ಬಿ ಹಿಡಿದ ಸೀತು, ಸರೋಜಕ್ಕನ ಅಂಗಳಕ್ಕೆ ಕಾಲಿಟ್ಟವರು ಅಲ್ಲೇ ನಿಂತುಬಿಡುತ್ತಾರೆ. ತುಳಸಿಕಟ್ಟೆಯಲ್ಲಿ ತುಳಸಿಯೇ ಇಲ್ಲ.

"ಹ್ವಾಯ್ ಸರೋಜಕ್ಕ, ತೊಳಸಿ ಎಲ್ಲಿತ್ತ್?"

"ಕಿತ್ತ್ ಡಬ್ಬಿಗ್ ಹಾಕ್ದೆ. ಅಂಗಳದಗೆ ಎಂತದೂ ಇಪ್ಪುಕಾಗ ಅಂದದ್ ನೀನೇ ಅಲ್ದಾ?"

ಹತ್ತು ಗಂಟೆಗೆ ಬೈಂದೂರಿನವರು ಮನೆ ನೋಡಲು ಬರುತ್ತಾರೆ. ಮೊದಲು ನೋಡಿಹೋದ ಎರಡು ಪಾರ್ಟಿ ಮತ್ತೆ ಮುಖ ತೋರಿಸಿಲ್ಲ. ಇವರೂ ಹಾಗೇ ಹೋದರೆ ಇನ್ನು ಕೆಲಸಕ್ಕೆ ಕರೆಯುವುದಿಲ್ಲ ಎಂದು ಕುಂದಾಪುರದ ದಲ್ಲಾಳಿ ಪ್ರೇಮಾನಂದ ಸೀತುವಿಗೆ ಫೋನಿನಲ್ಲೇ ಹೇಳಿಬಿಟ್ಟಿದ್ದಾರೆ. ಬರಿದಾದ ಕಟ್ಟೆ ಕಂಡರೆ ಯಾವ ಹೆಂಗಸು ಹೊಸ್ತಿಲು ದಾಟಿಯಾಳು?

ಅವರದು ಹೆಸರಿಲ್ಲದ ಉದ್ಯೋಗ. 1997ರಲ್ಲಿ ಸುಣ್ಣ ಬಳಿಯಲು ಹೊರಟವರು ಈ ಹನ್ನೆರಡು ವರ್ಷಗಳಲ್ಲಿ ಬ್ರಹ್ಮಾವರದಿಂದ ಬೈಂದೂರಿನವರೆಗೆ ನಲವತ್ತು ಮನೆಗಳನ್ನು ಕೊಳ್ಳುವವರ ಕಣ್ಣಿಗೆ ಸಜ್ಜು ಮಾಡಿದ್ದಾರೆ. ಗುಡಿಸುವುದು ಸುಲಭ, ಮನೆಯವರನ್ನು ಒಪ್ಪಿಸುವುದೇ ಕಷ್ಟ. ಜಗಲಿಯ ಹರಕು ಮೀನುಬಲೆ ತೆಗೆಯಿರಿ ಎಂದರೆ ಮುನಿಸು. ಒಣಮೀನು ಹಿತ್ತಲಿಗಿಡಿ ಎಂದರೆ, "ನೀನ್ ಮೀನ್ ತಿಂಬುದಿಲ್ಯಾ?" ಎಂಬ ಕೊಂಕು. ಸರೋಜಕ್ಕನೂ ಹದಿನೈದು ದಿನ ಒಂದು ಮಾತು ಕೇಳಿರಲಿಲ್ಲ. ನಿನ್ನೆ ಸಂಜೆ ಒಮ್ಮೆಲೇ ಹೇಳಿದ್ದನ್ನೆಲ್ಲ ಮಾಡಿಬಿಟ್ಟಿದ್ದಾರೆ, ತುಳಸಿ ಕೀಳುವವರೆಗೆ.

"ಬಿರುಕ್ ಮುಚ್ಚ್ ಅಂದ್ರೆ ನಾ ಮುಚ್ಚುದಿಲ್ಲೆ. ಧೂಳ್ ತೆಗಿತೆ, ಅಷ್ಟೇ. ಮಳ್ಗಾಲದಗೆ ಸುಳ್ಳೆಲ್ಲ ಸೋರತ್ತ್," ಎನ್ನುತ್ತಾರೆ ಸೀತು, ಗೋಡೆ ಒರೆಸುತ್ತಲೇ.

ಆದರೆ ಕಣ್ಣು ಕಟ್ಟೆಯ ಮೇಲೇ. "ತೊಳಸಿ ವಾಪಾಸ್ ನೆಡುವ, ಅಕ್ಕ."

"ಆತಿಲ್ಲೆ. ನಮ್ಮತ್ತಿ ನೆಟ್ಟದ್ದದ್. ನಾ ಹೋಪಲ್ಲಿಗೆ ಅದೂ ಬತ್ತ್." ಸರೋಜಕ್ಕ ಅತ್ತೆಯ ತುಳಸಿಯಿರುವ ಡಬ್ಬಿಯನ್ನು ಕೂಸಿನಂತೆ ಅವಚಿಕೊಳ್ಳುತ್ತಾರೆ.

ಒಂಬತ್ತಾಯಿತು. ಸೀತು ವಾದಕ್ಕಿಳಿಯುವುದಿಲ್ಲ. ಮೊಣಕಾಲೂರಿ ಕಟ್ಟೆಯ ಬುಡವನ್ನೆಲ್ಲ ತಡಕುತ್ತಾರೆ. ಕೊನೆಗೆ ಕಲ್ಲಿನ ಸಂದಿಯಲ್ಲಿ, ಬೀಜ ಉದುರಿ ತಾನಾಗಿ ಹುಟ್ಟಿದ ಬೆರಳುದ್ದದ ಸಸಿಯೊಂದು ಸಿಗುತ್ತದೆ.

"ಕಾಣಿ, ಮೊಮ್ಮಗಳ್! ಅಜ್ಜಿ ನಿಮ್ಮೊಟ್ಟಿಗ್ ಬರ್ಲಿ, ಮೊಮ್ಮಗಳ್ ಇಲ್ಲೇ ಇರ್ಲಿ. ಆತಾ?"

ಸರೋಜಕ್ಕ ಸಸಿಯನ್ನು ನೋಡುತ್ತಾರೆ, ಡಬ್ಬಿಯನ್ನು ನೋಡುತ್ತಾರೆ. ಆಮೇಲೆ ಡಬ್ಬಿ ಕೆಳಗಿಟ್ಟು, ಸೀತು ಸಸಿಯನ್ನು ಕಟ್ಟೆಯ ನಡುವೆ ನೆಡುವಷ್ಟರಲ್ಲಿ ಚೊಂಬು ತರುತ್ತಾರೆ. "ಸರಿ ಅತ್ಲಾಗೆ. ನೀರ್ ನಾನೇ ಹಾಕ್ತೆ."

ಹತ್ತೂಕಾಲಿಗೆ ಕಾರು ಬರುತ್ತದೆ. ಮೊದಲಿಳಿದ ಮುದುಕಿ ನೇರ ಕಟ್ಟೆಯ ಮುಂದೆ ಬಂದು ನಿಲ್ಲುತ್ತಾರೆ. ಬಾವಿಕಟ್ಟೆಯ ಹಿಂದಿನಿಂದ ಸೀತು ಇಣುಕುತ್ತಾರೆ.

"ಇದೆಂತ, ಇಷ್ಟ್ ಸಣ್ಣದ್?"

"ಬೆಳಿತ್ತ್," ಎನ್ನುತ್ತಾರೆ ಸರೋಜಕ್ಕ. "ನೀರ್ ಹಾಕುವರ್ ಇದ್ರೆ."

ಮುದುಕಿ ನಕ್ಕು, ಮೆಟ್ಟಿಲ ಬಳಿ ಚಪ್ಪಲಿ ಬಿಟ್ಟು ಒಳಗೆ ಹೋಗುತ್ತಾರೆ.

ಸಂಜೆ ಪ್ರೇಮಾನಂದರ ಫೋನು: ಬೈಂದೂರಿನವರು ಒಪ್ಪಿದ್ದಾರೆ, ನಾಳೆ ಬಿಜೂರಿನಲ್ಲೊಂದು ಮನೆಯಿದೆ, ಬೇಗ ಬಾ. ಸೀತು ಹಿಡಿಸೂಡಿಯ ಕಟ್ಟು ಬಿಗಿ ಮಾಡುತ್ತಾರೆ. ಮಾರಿಹೋದ ಮನೆಗೆ ಅವರನ್ನು ಮತ್ತೆ ಯಾರೂ ಕರೆಯುವುದಿಲ್ಲ.

"ಕರುದ್ ಬ್ಯಾಡ," ಎನ್ನುತ್ತಾರೆ. "ಬಪ್ಪ ವರ್ಷ ಆ ಬದಿಗ್ ಹೋಪತಿಗೆ ಬೇಲಿ ಮೇಲಿಂದ ಒಂದ್ ಸಲ ಕಾಣ್ಕ್. ಆ ಗಿಡ ನನ್ನ ಮೊಣಕಾಲಿಗ್ ಬಂದಿದ್ರೆ ಸಾಕ್."