ಈವಾಳ ಅಜ್ಜಿಯ ಚಮಚ

ಕಪ್ಪಗಾದ ಹಿತ್ತಾಳೆ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಹುಣಸೆಹಣ್ಣು, ಉಪ್ಪು, ಸ್ಟೀಲ್ ಸ್ಕ್ರಬ್ಬರ್. ಐದು ನಿಮಿಷ ಉಜ್ಜಿದರೆ ಖಲಾಸ್! ಮೈಸೂರಿನಲ್ಲಿ ಕಲಿತ ಈ ವಿದ್ಯೆಯನ್ನು ದುಬೈಗೆ ಬಂದ ಮೇಲೂ ಬಿಟ್ಟಿಲ್ಲ. ಬಿಟ್ಟಿದ್ದರೆ ಚೆನ್ನಾಗಿತ್ತು.

ಇಲ್ಲಿನ ಡಿಸ್ಕವರಿ ಗಾರ್ಡನ್ಸ್ ಬಡಾವಣೆಯಲ್ಲಿ ನಮ್ಮ ಎದುರು ಫ್ಲ್ಯಾಟಿನವಳು ಈವಾ. ಪೋಲೆಂಡಿನವಳು. ನನ್ನ ಮಗಳು ಸಿರಿಯ ಸ್ಕೂಲ್ ಪ್ರಾಜೆಕ್ಟಿಗೆ ಕಥೆಯಿರುವ ಹಳೆಯ ವಸ್ತುವೊಂದು ಬೇಕಿತ್ತು. (ನಮ್ಮ ಮನೆಯಲ್ಲಿರುವುದೆಲ್ಲ ಸೇಲ್‌ನಲ್ಲಿ ಕೊಂಡದ್ದು. ಅದಕ್ಕೆಂಥ ಕಥೆ?) ಈವಾ ತನ್ನ ಅಜ್ಜಿಯ ಚಮಚ ತಂದುಕೊಟ್ಟಳು.

ಅಜ್ಜಿ ಹಿಟ್ಲರನ ಕಾಲದ ಯಾತನಾ ಶಿಬಿರದಲ್ಲಿದ್ದವಳು. ಅಲ್ಲಿ ಚಮಚ ಇಲ್ಲದವರು ಸೂಪನ್ನು ನಾಯಿಯ ಹಾಗೆ ನೆಕ್ಕಬೇಕಿತ್ತಂತೆ. ಆಕೆ ಎಲ್ಲಿಂದಲೋ ಒಂದು ತುಂಡು ಹಿತ್ತಾಳೆ ತಗಡು ಕದ್ದು, ಕಲ್ಲಿನಿಂದ ಕುಟ್ಟಿ ಕುಟ್ಟಿ ಚಮಚ ಮಾಡಿಕೊಂಡಳಂತೆ. ಈವಾ ಬಾಗಿಲಲ್ಲಿ ನಿಂತು ಇನ್ನೂ ಏನೋ ಹೇಳುತ್ತಿದ್ದಳು. ನನ್ನ ಕಿವಿ ಕುಕ್ಕರ್ ಸೀಟಿಯ ಕಡೆಗಿತ್ತು. "ಯಸ್, ಯಸ್" ಎನ್ನುತ್ತಾ ಒಳಗೆ ಓಡಿದೆ. ಮಿಕ್ಕಿದ್ದನ್ನು ಕೇಳಿಸಿಕೊಂಡವಳು ಸಿರಿ.

ಪ್ರಾಜೆಕ್ಟ್ ಮುಗಿಯಿತು. ಬೇರೆಯವರ ಮನೆಯ ಪಾತ್ರೆಯನ್ನು ಹಾಗೇ ವಾಪಸ್ ಕೊಡುವುದುಂಟೆ? ಅದೂ ಅಷ್ಟು ಕಪ್ಪಾಗಿದ್ದ ಚಮಚವನ್ನು! ಕೈ ನೋಯುವಷ್ಟು ಉಜ್ಜಿದೆ. ಬರಿಗೈಲಿ ಕೊಡಬಾರದೆಂದು ಪಕ್ಕದಲ್ಲೊಂದು ಡಬ್ಬಿ ಕೋಡುಬಳೆಯನ್ನೂ ಇಟ್ಟೆ.

ಸಿರಿ ನೋಡಿ ಬೆಚ್ಚಿಬಿದ್ದಳು. "ಅಮ್ಮಾ! ವೇರ್ ಈಸ್ ದಿ ನೇಮ್?"

"ಯಾವ ನೇಮ್ ಕಣೇ?"

ಶಿಬಿರದಲ್ಲಿ ಅಜ್ಜಿಗಿದ್ದದ್ದು ನಂಬರ್ ಮಾತ್ರ. ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ತನ್ನ ಹೆಸರು ತನಗೇ ಮರೆತುಹೋದೀತೆಂದು ಆಕೆ ಚಮಚದ ಹಿಡಿಯ ಮೇಲೆ ಪಿನ್ನಿನಿಂದ 'ಹಾನಾ' ಎಂದು ಗೀಚಿಕೊಂಡಿದ್ದಳಂತೆ. ಈವಾ ಬಾಗಿಲಲ್ಲಿ ನಿಂತು ಹೇಳಿದ್ದು ಇದನ್ನೇ. ಸಿರಿಯ ಪ್ರಾಜೆಕ್ಟಿನ ಮೊದಲ ಸಾಲೂ ಇದೇ. ನಾನು ಅದನ್ನೂ ಓದಿರಲಿಲ್ಲ.

ಚಮಚ, ಡಬ್ಬಿ ಎರಡನ್ನೂ ಹಿಡಿದು ಎದುರು ಫ್ಲ್ಯಾಟಿಗೆ ಹೋದೆ. ಈವಾ ಬೈಯಲಿಲ್ಲ. ಚಮಚವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಹೆಬ್ಬೆರಳಿನಿಂದ ಸವರಿ ಸವರಿ ಹುಡುಕಿದಳು. ಆಮೇಲೆ, "ನೀನು ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದೀಯ, ಗೊತ್ತು" ಎಂದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಕ್ಷಮೆ ಕೇಳಿದೆ, ಅಲ್ಲೇ ನಿಂತು ಅತ್ತೆ. ಅತ್ತರೆ ಅಕ್ಷರ ವಾಪಸ್ ಬರುತ್ತವೆಯೇ? ಕೋಡುಬಳೆ ಡಬ್ಬಿಯನ್ನು ಆಕೆಯ ಕೈಗೆ ಕೊಡಲು ನಾಚಿಕೆಯಾಗಿ, ಹಾಗೇ ಹಿಡಿದುಕೊಂಡು ಬಂದೆ.

ಬಂದೂಕು ಹಿಡಿದವರಿಂದಲೂ ಅಳಿಸಲಾಗದ ಹೆಸರದು. ನನಗೆ ಸಾಕಾದದ್ದು ನಿಂಬೆ ಗಾತ್ರದ ಹುಣಸೆಹಣ್ಣು.