ಗಂಜಿ ಸೇರತ್ತಾ?

ನಮ್ಮ ನರ್ಸಮ್ಮನ ಮೊಣಕಾಲಿನ ಕೆಳಗೆ ಮಳೆಗಾಲವಿಡೀ ಸುಣ್ಣದ ಬಿಳಿ ಚುಕ್ಕೆಗಳಿರುತ್ತಿದ್ದವು. ಕೆರಾಡಿಯ ಕಾಡಂಚಿನ ಮನೆಗಳಿಗೆ ನಡೆದು ಹೋಗುವಾಗ ಕಾಲಿಗೆ ಹತ್ತಿ ರಕ್ತ ಹೀರುವ ಇಂಬಳ ಬಿಡಿಸಲು ಹಚ್ಚಿಕೊಂಡದ್ದು.

ಹಂದಿಜ್ವರದ ವರ್ಷ ಅವರಿಗೊಂದು ಜೀಪು ಬಂತು, ಮೈಕೂ ಬಂತು. ಮೈಕಿನಲ್ಲಿ ಕೂಗಲು ತಾತ್ಕಾಲಿಕವಾಗಿ ನಾನು ಸಿಕ್ಕಿದೆ. ಮನೆಯ ಕೋಳಿಯೂ ನನ್ನ ಮಾತು ಕೇಳುತ್ತಿರಲಿಲ್ಲ. ಈಗ ಊರೇ ಕೇಳುವ ಯೋಗ! ಗಂಟಲು ಸರಿಮಾಡಿಕೊಂಡು ಗರ್ಜಿಸಿದೆ: "ಹಂದಿಜ್ವರ ಇದ್ದವರು ಕೂಡಲೇ ಹೊರಗೆ ಬರತಕ್ಕದ್ದು! ಮುಚ್ಚಿಟ್ಟರೆ ಅಪಾಯ!"

ಒಂದು ನಾಯಿಯೂ ಬರಲಿಲ್ಲ. ಬಾಗಿಲುಗಳು ಪಟಪಟನೆ ಮುಚ್ಚಿದವು. ಸರ್ಕಾರಿ ಜೀಪು 'ಹಂದಿ' ಎಂದು ಕೂಗಿದರೆ ಅಲ್ಲಿ ಒಂದೇ ಅರ್ಥ: ಕಾಡುಹಂದಿ ಹೊಡೆದು ತಿಂದವರನ್ನು ಹಿಡಿಯಲು ಫಾರೆಸ್ಟಿನವರು ಬಂದಿದ್ದಾರೆ.

"ಹ್ವಾಯ್, ಪುಣ್ಯಾತ್ಮ, ಮೈಕ್ ಬಂದ್ ಮಾಡ್," ಎಂದರು ನರ್ಸಮ್ಮ. "ನೀ ಹುಡ್ಕುಕ್ ಬಂದದ್ ಜ್ವರವಾ, ಕಳ್ರನ್ನಾ?"

ಮರುದಿನದಿಂದ ಅವರು ನಡೆದೇ ಹೊರಟರು. ಹಿಂದೆ ನಾನು, ಬಾಯಿ ಮುಚ್ಚಿಕೊಂಡು. ಅವರು ಜ್ವರದ ಹೆಸರೇ ಎತ್ತುತ್ತಿರಲಿಲ್ಲ. ಅಂಗಳದಲ್ಲಿ ನಿಂತು ಕೇಳುವುದು ಒಂದೇ: "ಗಂಜಿ ಸೇರತ್ತಾ?" ಸೇರುವುದಿಲ್ಲ ಎಂದರೆ ಥರ್ಮಾಮೀಟರ್ ಹಿಡಿದು ಒಳಗೆ ನುಗ್ಗುವುದು.

ಐದನೇ ದಿನ, ಗುಡ್ಡದ ಮೇಲಿನ ಮನೆಯಲ್ಲಿ ಒಬ್ಬಳು ಬಸುರಿ ಏದುಸಿರು ಬಿಡುತ್ತ ಮಲಗಿದ್ದಳು.

"ಎಷ್ಟ್ ದಿನ ಆಯ್ತ್?" ಎಂದರು ನರ್ಸಮ್ಮ.

ಅವಳ ಗಂಡ ನನ್ನನ್ನು ನೋಡಿದ. "ಇವ್ರ್ ಮೈಕ್ ತಂದ್ ದಿನದಿಂದ. ಅಟ್ಟದಲ್ ಹಂದಿ ಮಾಂಸ ಒಣ್ಸಿ ಇಟ್ಟಿತ್. ಹಿಡ್ಕಂಡ್ ಹೋತ್ರ್ ಅಂದ್ಹೇಳಿ ಹೆದ್ರಿಕಿ..."

ಜೀಪು ಯಾವುದೋ ಮೀಟಿಂಗಿಗೆ ಹೋಗಿತ್ತು. ಕಂಬಳಿಯ ಜೋಲಿಯಲ್ಲಿ ಹೊತ್ತು ಇಳಿಸಿದೆವು. ರಸ್ತೆ ಮುಟ್ಟುವ ಮೊದಲೇ ಅವಳ ಉಸಿರು ನಿಂತಿತು.

ನರ್ಸಮ್ಮ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಜ್ವರ ಇಳಿಯಿತು. ಜೀಪು, ಮೈಕು, ಮಾತ್ರೆಯ ಪೆಟ್ಟಿಗೆ ಎಲ್ಲವೂ ವಾಪಸು ಹೋದವು. ಪ್ರತಿ ಮೀಟಿಂಗಿನಲ್ಲೂ ನರ್ಸಮ್ಮ ಎದ್ದು ನಿಲ್ಲುತ್ತಿದ್ದರು: "ಜೀಪ್ ಬ್ಯಾಡ ಸಾರ್. ನಡ್ಕಂಡ್ ಹೋಪ ಜನ ಕೊಡಿ. ಮುಂದಿನ್ ಜ್ವರ ಹೇಳಿ ಬಪ್ಪುದಲ್ಲ."

"ಜ್ವರ ಹೋಯ್ತಲ್ಲಮ್ಮ, ಇನ್ಯಾಕೆ?" ಎನ್ನುತ್ತಿದ್ದರು ಸಾಹೇಬರು.

ನರ್ಸಮ್ಮ ನಿವೃತ್ತರಾದ ಮೇಲೆ ಆ ಜಾಗಕ್ಕೆ ಯಾರೂ ಬರಲಿಲ್ಲ. ಎರಡು ಮಳೆಗಾಲ ಕಳೆದು ಅವರೇ ಜ್ವರ ಬಂದು ಮಲಗಿದಾಗ, ಅಂಗಳದಲ್ಲಿ ನಿಂತು ಕೇಳಿದ್ದು ನಾನು: "ಅಮ್ಮಾ, ಗಂಜಿ ಸೇರತ್ತಾ?"

"ಇಲ್ಲ ಮಗಾ," ಎಂದು ಒಳಗಿನಿಂದ ದನಿ ಬಂತು. "ಮೈಕ್ ಹಾಕಿ ಹೇಳ್ಬೇಡ, ಆಯ್ತಾ?"

ನಕ್ಕೆ. ನಗುತ್ತಲೇ ಅಲ್ಲೇ ನಿಂತೆ. ಪ್ರಶ್ನೆಯನ್ನು ಚೆನ್ನಾಗಿ ಕಲಿತಿದ್ದೆ. ಸೇರುವುದಿಲ್ಲ ಎಂದರೆ ಮುಂದೇನು ಮಾಡಬೇಕೆಂದು ಗೊತ್ತಿದ್ದವರು ಊರಿಗೆಲ್ಲ ಒಬ್ಬರೇ, ಒಳಗೆ ಮಲಗಿದ್ದರು.