ಮೆದುಳಿನ ಫೋಟೊ ನೋಡಿ ಮುರಿದ ಸಂಬಂಧ

ಫ್ರೆಂಡ್ಸ್, ನನ್ನ ಸಂಶೋಧನೆ ಇವತ್ತು ಒಂದು ಮದುವೆ ಮುರಿಯಿತು!

ಕನ್ನಡ, ತೆಲುಗು ಎರಡನ್ನೂ ಮಾತಾಡುವವರ ಮೆದುಳು ಹೇಗೆ ಕೆಲಸ ಮಾಡುತ್ತದೆ ಎಂದು ನೋಡುವುದು ನನ್ನ ಕೆಲಸ. ಅದಕ್ಕಾಗಿ ಸಿರುಗುಪ್ಪದ ಸುಜಾತಾ ಟೀಚರ್ ಬಳ್ಳಾರಿಗೆ ಬಂದು ಎಂಆರ್‌ಐ ಸ್ಕ್ಯಾನ್ ಮಾಡಿಸಿಕೊಂಡಿದ್ದಳು. ನೆನಪಿಗೆ ಇರಲಿ ಎಂದು ಅವಳ ಮೆದುಳಿನ ಫೋಟೊ ಕೊಟ್ಟಿದ್ದೆ. ಖುಷಿಯಿಂದ ವಾಟ್ಸಾಪ್ ಸ್ಟೇಟಸ್‌ಗೆ ಹಾಕಿಕೊಂಡಳು. ಅವಳನ್ನು ನೋಡಿ ಒಪ್ಪಿದ್ದ ಹುಡುಗನ ಸೋದರಮಾವ ಇವತ್ತು ತೆಕ್ಕಲಕೋಟೆಯಿಂದ ನೇರ ನನ್ನ ಹತ್ತಿರ ಬಂದರು.

"ಮೇಡಂ, ಹುಡುಗಿ ತಲ್ಯಾಗ ಏನು ದೋಷ ಐತ್ರಿ?"

"ಏನೂ ಇಲ್ರಿ. ನಾವು ಆರೋಗ್ಯ ಇದ್ದೋರನ್ನ ಸ್ಕ್ಯಾನ್ ಮಾಡೋದು."

"ಏನೂ ಇಲ್ದ ಯಾರರ ತಲಿ ಸ್ಕ್ಯಾನ್ ಮಾಡಿಸ್ತಾರೇನ್ರಿ? ತಲಿ ಸರಿ ಐತಿ ಅಂತ ಬರೆದು ಕೊಡ್ರಿ. ಇಲ್ಲಾಂದ್ರ ಈ ಸಂಬಂಧ ಬ್ಯಾಡ."

ನನಗೆ ಮೈ ಉರಿಯಿತು. "ಹಂಗಾದ್ರ ನಿಮ್ಮ ಹುಡುಗನ್ನೂ ಕರ್ಕೊಂಡು ಬರ್ರಿ, ಅವನ ತಲಿನೂ ನೋಡೋಣು" ಎಂದೆ.

"ಗಂಡು ಹುಡುಗಂದು ಯಾಕ ನೋಡಬೇಕ್ರಿ? ಅವನಿಗೇನಾಗೈತಿ?" ಎನ್ನುತ್ತಾ ಎದ್ದು ಹೋದರು.

ಬೈಸಿಕೊಳ್ಳಲು ಸಿದ್ಧಳಾಗಿಯೇ ಸುಜಾತಾಗೆ ಫೋನ್ ಮಾಡಿ ಎಲ್ಲ ಹೇಳಿದೆ.

"ಹೋಗ್ಲಿ ಬಿಡ್ರಿ ಮೇಡಂ. ನನಗೂ ತಲಿ ಐತಿ ಅಂತ ಗೊತ್ತಾಗಿ ಹೆದರ್ಯಾರ" ಎಂದಳು.

ಈಗ ನೋಡಿದರೆ ಅವಳ ಪ್ರೊಫೈಲ್ ಫೋಟೊ ಕೂಡ ಅದೇ ಮೆದುಳು. ಹೆದರುವವರೆಲ್ಲ ಒಟ್ಟಿಗೇ ಹೆದರಲಿ.